ಮಂಡಿಯ ಕೆಳಗೆ

ಬೆತ್ತ ಕಡಿಯುವವನು ನಾನು.
ಗುರಾಣಿ ಹೆಣೆಯುವವನೂ ನಾನೇ.
ಹೊಡೆತ, ತಡೆ ಎರಡನ್ನೂ
ಹೊಳೆಬದಿಯಿಂದ ಒಂದೇ ಹೊರೆಯಲ್ಲಿ ಹೊತ್ತು ತರುತ್ತೇನೆ.
ಮೂರು ದಿನ ನೀರಲ್ಲಿಟ್ಟು, ಒಂದಿರುಳು ಒಲೆಯ ಮೇಲಿಟ್ಟು
ಗಾಳಿಗೆ ಬೀಸಿ ಕಿವಿಗೊಟ್ಟು ಕೇಳುತ್ತೇನೆ.
ಸುಂಯ್ ಅಂದರೆ ಚರ್ಮ ಕೇಳುವ ಬೆತ್ತ,
ಹೂಂ ಅಂದರೆ ಮೂಳೆ ಕೇಳುವುದು.
ಮೂಳೆಯವನ್ನು ಬುಟ್ಟಿಯ ಹಿಡಿಗೆ ಬಳಸಿಬಿಡುತ್ತೇನೆ.
ಇದು ಊರಿಗೆ ಗೊತ್ತಿಲ್ಲ.

ಪುತ್ತರಿ ಕಳೆದು, ಗದ್ದೆಯ ಕೂಳೆ ಇನ್ನೂ ಪಾದ ಚುಚ್ಚುವಾಗ
ಮಂದಿನ ಅಂಚಿನಲ್ಲಿ ಪರೆ ಹೆಗಲಿಗೇರಿಸಿ ನಿಲ್ಲುತ್ತೇನೆ.
ಒಳಗೆ ನನಗೆ ಕೆಲಸವಿಲ್ಲ.
ಒಳಗೆ ಕೋಲಾಟ, ಕುಪ್ಯ, ಕೆಂಪು ಚೇಲೆ.
ಕೋಲು ಮುಗಿದ ಮೇಲೆ ಜನ ಹಿಂದೆ ಸರಿದು ಬಳೆಯಾಗುತ್ತಾರೆ,
ಇಬ್ಬರು ಉಳಿಯುತ್ತಾರೆ.

ಮಂಡಿಯ ಮೇಲೆ ಹೊಡೆಯುವಂತಿಲ್ಲ.
ಮುಗಿದ ಮೇಲೆ ಅಪ್ಪಿಕೊಳ್ಳದೆ ಹೋಗುವಂತಿಲ್ಲ.
ಮೊದಲನೆಯದು ಪಡ್ಡೆಗಳಿಗೆ ಕಷ್ಟ,
ಎರಡನೆಯದು ಬೆಳ್ಯಪ್ಪನಿಗೂ ಕುಟ್ಟಯ್ಯನಿಗೂ.

ಭಾವ ಮೈದುನ ಮಾತು ಬಿಟ್ಟು ಹದಿನಾಲ್ಕು ವರ್ಷ.
ಎರಡು ಕೋವಿ, ಒಂದು ಕಾಡುಹಂದಿ,
ಹಂದಿಗೆ ಒಂದೇ ತಲೆ.
ಮೊದಲ ಗುಂಡಿನವನಿಗೆ ತಲೆಯ ಪಾಲು.
ಎರಡೂ ಒಟ್ಟಿಗೇ ಸಿಡಿದವು; ಪೊದೆ ಬಡಿಯುತ್ತಿದ್ದವನು ನಾನು,
ನನ್ನನ್ನು ಯಾರೂ ಕೇಳಲಿಲ್ಲ.
ತಲೆಯನ್ನು ನಾಯಿಗಳು ಕೊಂಡುಹೋದವು.
(ಫಾರೆಸ್ಟಿನವರ ಎದುರು ಇದನ್ನು ಓದಬೇಡಿ.)

ಆದರೂ ವರ್ಷಕ್ಕೊಮ್ಮೆ, ತಕ್ಕರು ‘ಯಾರಿದ್ದೀರಿ’ ಎಂದಾಗ
ಈ ಕಡೆಯಿಂದ ಒಬ್ಬ ಎದ್ದರೆ
ಆ ಕಡೆಯವನು ಆಗಲೇ ಎದ್ದಿರುತ್ತಾನೆ.
ಹೊಡೆದೂ ಹೊಡೆದೂ, ಕಣಕಾಲು ಬದನೆಯ ಬಣ್ಣವಾಗಿ
ಕೊನೆಗೆ ಸೌದೆ ಹೊರೆ ತಬ್ಬಿದ ಹಾಗೆ ತಬ್ಬಿ
ತಂತಮ್ಮ ದಾರಿ ಹಿಡಿಯುತ್ತಾರೆ.

ಈ ವರ್ಷ ದೇಚವ್ವ ಕತ್ತಲಾದ ಮೇಲೆ ನನ್ನ ಗುಡಿಸಲಿಗೆ ಬಂದಳು.
‘ಇವರಿಗೆ ಸಕ್ಕರೆ ಕಾಯಿಲೆ.
ಕಾಲಿಗೆ ಗೆರೆ ಬಿದ್ದರೂ ಮಾಗುವುದಿಲ್ಲ ಅಂದಿದ್ದಾರೆ ವಿರಾಜಪೇಟೆ ಡಾಕ್ಟರು.
ನನ್ನ ತಮ್ಮನ ಕೈಗೆ ಲಡ್ಡು ಬೆತ್ತ ಕೊಡು.’
ತಲೆಯಾಡಿಸಿದೆ. ಅವಳ ಬ್ಯಾಟರಿ ಬೆಳಕು ತಿರುವು ದಾಟಿತೋ ಇಲ್ಲವೋ
ಕುಟ್ಟಯ್ಯ ಬಂದ. ಕೂರಲಿಲ್ಲ.
‘ಗುರಾಣಿ ಈ ಸಲ ಸ್ವಲ್ಪ ದೊಡ್ಡದಿರಲಿ.
ಪಾದ ಮುಟ್ಟುವಷ್ಟು.’
ನಿಮಗಾ ಎಂದೆ.
‘ನನಗ್ಯಾಕೆ?’ ಎಂದು ಬೀಡಿ ನೆಲಕ್ಕೆ ಹೊಸಕಿದ.

ಹೆಣೆದೆ. ಮೊರದಷ್ಟಲ್ಲ, ಬಾಗಿಲಷ್ಟು.
ಮಂದಿನಲ್ಲಿ ಜನ ನಕ್ಕರು.
ಬೆಳ್ಯಪ್ಪ ಅದರ ಹಿಂದೆ ಕೋಳಿಗೂಡಿನೊಳಗಿನ ಮುದಿ ಹುಂಜ.
ಕುಟ್ಟಯ್ಯನ ಏಟು ಬಿತ್ತು, ಗುರಾಣಿಗೆ.
ಮತ್ತೆ, ಗುರಾಣಿಗೆ.
ಹದಿನೇಳು ಏಟು. ನಾನು ಎಣಿಸುತ್ತಿದ್ದೆ, ಪರೆಯ ಮೇಲೆ.
ಕಾಲು ಬೇಕೆಂದು ಒಂದೂ ಬರಲಿಲ್ಲ.

ಬೆಳ್ಯಪ್ಪನಿಗೆ ಅರ್ಥವಾಯಿತು.
ಗುರಾಣಿ ಎಸೆದ. ಅದು ಉರುಳುತ್ತಾ ಬಂದು
ನನ್ನ ಕಾಲ ಬಳಿ ಕವುಚಿ ಬಿತ್ತು.
ಪಂಚೆ ಮಂಡಿಗೆತ್ತಿ, ಸಣಕಲು ಕಾಲು ಮುಂದಿಟ್ಟು
ಹದಿನಾಲ್ಕು ವರ್ಷದ ಮೊದಲ ಮಾತು ಆಡಿದ:
‘ಹೊಡಿಯೋ, ಹಂದಿ!’

ಕುಟ್ಟಯ್ಯನ ಬೆತ್ತ ಮೇಲೆ ಹೋಯಿತು.
ದೇಚವ್ವ ಬಾಯಿಗೆ ಸೆರಗು ಒತ್ತಿಕೊಂಡಳು.
ಆ ಬೆತ್ತ ಎಂಥದೆಂದು ನನಗೆ ಗೊತ್ತು, ಆದರೂ ಕೈ ನಡುಗಿತು,
ಪರೆ ನಿಲ್ಲಿಸಿದೆ.
ಪರೆ ನಿಂತರೆ ಕಳಿ ನಿಂತ ಹಾಗೆ.
ನನ್ನಪ್ಪನ ಕಾಲದಲ್ಲೂ ಯಾರೂ ನಡುವೆ ನಿಲ್ಲಿಸಿದ್ದಿಲ್ಲ.
ತಕ್ಕರು ನನ್ನತ್ತ ತಿರುಗಿದರು. ನಾನು ಆಕಾಶ ನೋಡಿದೆ.

ಇನ್ನು ಉಳಿದದ್ದು ಎರಡನೆಯದು.
ಅಪ್ಪಿಕೊಂಡರು.
ಅಪ್ಪಿಕೊಂಡೇ ಕಿವಿಯಲ್ಲಿ ಒಬ್ಬ ಅಂದ: ‘ಮೊದಲ ಗುಂಡು ನನ್ನದೇ.’
‘ನಿನ್ನ ತಲೆ.’
‘ತಲೆಯೇ ಮತ್ತೆ, ಅದನ್ನೇ ಹೇಳ್ತಿರೋದು.’
ಹಾಗೇ ಜಗಳ ಆಡುತ್ತಾ ಆಡುತ್ತಾ ಇಳಿಜಾರು ಇಳಿದು
ಒಂದೇ ಜೀಪು ಹತ್ತಿದರು.

ಆ ಗುರಾಣಿಯನ್ನು ಯಾರೂ ಕೇಳಿಕೊಂಡು ಬರಲಿಲ್ಲ.
ನನ್ನ ಹೆಂಡತಿ ಅದರಲ್ಲಿ ಕರಿಮೆಣಸು ಒಣಗಿಸುತ್ತಾಳೆ.
ಹದಿನೇಳು ಕಡೆ ಎಸಳು ಮುರಿದಿದೆ;
ಕಾಳು ಸೋರುತ್ತದೆ ಎಂದು ದಿನಾ ಬೈಗುಳ.
ಹೆಣೆಯುವವನು ನಾನೇ. ಇನ್ನೂ ಕೈ ಹಾಕಿಲ್ಲ.